ತೇಪೆಯೂ ನಂಬಿಕೆಯೂ

ಮಾನವನ ಕೈಯಿಂದ ರೂಪುಗೊಂಡ ಯಾವ ವಸ್ತುವೂ ಪರಿಪೂರ್ಣವಲ್ಲ. ಕಟ್ಟಿದ ಮನೆ ಸೋರುತ್ತದೆ. ಹೊಲಿದ ಬಟ್ಟೆ ಹರಿಯುತ್ತದೆ. ಹಾಕಿದ ಏರಿ ಬಿರಿಯುತ್ತದೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು, ಹರಿದ ಬಟ್ಟೆಗೆ ತೇಪೆ ಹಾಕುವುದು, ಬಿರಿದ ಏರಿಗೆ ಮಣ್ಣು ಹೊರುವುದು ಬಾಳಿನ ನಿತ್ಯದ ಕೆಲಸಗಳು. ಇವುಗಳಲ್ಲಿ ದೋಷವು ಒಡೆಯನ ಕಣ್ಣಿಗೆ ಕಾಣುತ್ತದೆ. ದುರಸ್ತಿಯ ಹೊತ್ತನ್ನೂ ಅವನೇ ಗೊತ್ತುಮಾಡಿಕೊಳ್ಳುತ್ತಾನೆ. ಆದರೆ ನಮ್ಮ ಕಾಲದಲ್ಲಿ ಮನೆಮನೆಯಲ್ಲೂ ಕಿಸೆಕಿಸೆಯಲ್ಲೂ ಇರುವ ಒಂದು ವಸ್ತುವಿನ ಸಂಗತಿ ಹೀಗಿಲ್ಲ. ಗಣಕಯಂತ್ರ, ಮೊಬೈಲು ಇವುಗಳ ದೋಷವನ್ನು ಒಡೆಯನು ಕಾಣಲಾರ, ಕಂಡರೂ ಸರಿಪಡಿಸಲಾರ. ಸರಿಪಡಿಸಬಲ್ಲವನು ಸಾವಿರಾರು ಮೈಲಿ ದೂರದಲ್ಲಿರುವ ತಯಾರಕ. ಅವನು ಆಗಾಗ ಕಳುಹಿಸುವ ದುರಸ್ತಿಗೆ ‘ಅಪ್‌ಡೇಟ್’ ಎಂದು ಹೆಸರು. ಅದು ಬಂದಾಗಲೆಲ್ಲ ಕೆಲಸ ನಿಲ್ಲುತ್ತದೆ, ಯಂತ್ರವು ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಬಳಸುವವನು ಗೊಣಗುತ್ತಾನೆ.

ಈ ಗೊಣಗಾಟ ಮೇಲ್ನೋಟಕ್ಕೆ ಅಲ್ಪವಾದುದು. ಆದರೆ ಅದರ ಬುಡದಲ್ಲಿ ಒಂದು ನೈತಿಕ ಪ್ರಶ್ನೆಯಿದೆ. ನಾನು ಹಣ ಕೊಟ್ಟು ಕೊಂಡ, ನನ್ನ ಮೇಜಿನ ಮೇಲಿರುವ ಯಂತ್ರವನ್ನು ಯಾವಾಗ ತೆರೆದು ತಿದ್ದಬೇಕೆಂದು ನಿರ್ಣಯಿಸುವ ಅಧಿಕಾರ ಯಾರದು? ಬೇಡವೆನ್ನುವ ಹಕ್ಕು ನನಗುಂಟೆ? ಬಲವಂತವಾಗಿ ಹಾಕುವ ಹಕ್ಕು ತಯಾರಕನಿಗುಂಟೆ? ಇದನ್ನು ಕೊಂಚ ಸಾವಧಾನದಿಂದ ವಿಚಾರಿಸುವುದು ಉಚಿತ.

ಮೊದಲು ವಿಷಯದ ಸ್ವರೂಪವನ್ನು ಅರಿಯೋಣ. ಗಣಕಯಂತ್ರದ ಒಳಗೆ ಅದರ ಸಮಸ್ತ ವ್ಯವಹಾರವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ‘ಆಪರೇಟಿಂಗ್ ಸಿಸ್ಟಮ್’ ಎನ್ನುತ್ತಾರೆ. ಮೈಕ್ರೊಸಾಫ್ಟ್ ಕಂಪನಿಯ ವಿಂಡೋಸ್ ಇಂಥ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವಂಥದು. ಅದರಲ್ಲಿ ಕೋಟಿಗಟ್ಟಲೆ ಸಾಲುಗಳ ಆಜ್ಞೆಗಳಿವೆ. ಅಷ್ಟನ್ನು ಬರೆಯುವವರು ಮನುಷ್ಯರೇ ಆದುದರಿಂದ ತಪ್ಪುಗಳು ಅನಿವಾರ್ಯ. ಒಂದು ಉದಾಹರಣೆ: ಹೊರಗಿನಿಂದ ಬರುವ ಮಾಹಿತಿಗಾಗಿ ನೆನಪಿನ ಕೋಶದಲ್ಲಿ ಹತ್ತು ಮನೆಗಳನ್ನು ಕಾದಿರಿಸಿ, ಹನ್ನೊಂದನೆಯದು ಬಂದರೆ ಏನು ಮಾಡಬೇಕೆಂಬುದನ್ನು ಬರೆದವನು ಮರೆತನೆಂದು ಭಾವಿಸಿರಿ. ಹನ್ನೊಂದನೆಯದು ಪಕ್ಕದ ಮನೆಗೆ ಚೆಲ್ಲುತ್ತದೆ. ದುಷ್ಟನೊಬ್ಬನು ಆ ಚೆಲ್ಲಿದ ಮಾಹಿತಿಯೇ ಒಂದು ಆಜ್ಞೆಯಾಗುವಂತೆ ಹೊಂಚಿದರೆ, ಯಂತ್ರವು ಅವನ ಮಾತನ್ನು ಕೇಳತೊಡಗುತ್ತದೆ. ಇಂಥ ತೂತನ್ನು ಮುಚ್ಚುವ ತಿದ್ದುಪಡಿಗೆ ಇಂಗ್ಲಿಷಿನಲ್ಲಿ ‘ಪ್ಯಾಚ್’ ಎನ್ನುತ್ತಾರೆ. ನಮ್ಮ ‘ತೇಪೆ’ ಎಂಬ ಪದವು ಅದಕ್ಕೆ ಸರಿಯಾಗಿ ಒಪ್ಪುತ್ತದೆ. ೨೦೦೩ರ ಅಕ್ಟೋಬರಿನಿಂದ ಮೈಕ್ರೊಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಈ ತೇಪೆಗಳನ್ನು ಒಟ್ಟಾಗಿ ಹೊರಡಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ಓಡುತ್ತಿರುವ ಗಾಡಿಯ ಗಾಲಿಯನ್ನು ಬದಲಿಸಲಾಗದಂತೆ, ಬಳಕೆಯಲ್ಲಿರುವ ಕಡತವನ್ನು ಬದಲಿಸಲು ಸಾಮಾನ್ಯವಾಗಿ ಯಂತ್ರವನ್ನು ನಿಲ್ಲಿಸಬೇಕಾಗುತ್ತದೆ. ‘ರೀಸ್ಟಾರ್ಟ್’ ಎಂಬ ಉಪದ್ರವಕ್ಕೆ ಕಾರಣ ಇದೇ.

ಇಲ್ಲಿ ಗಮನಿಸಬೇಕಾದ ಒಂದು ವೈಚಿತ್ರ್ಯವಿದೆ. ತೇಪೆಯನ್ನು ಪ್ರಕಟಿಸಿದ ದಿನವೇ ತೂತೂ ಪ್ರಕಟವಾಗುತ್ತದೆ. ಹಳೆಯ ಕಡತವನ್ನೂ ಹೊಸ ಕಡತವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಎಲ್ಲಿ ಹೊಲಿಗೆ ಬಿದ್ದಿದೆಯೋ ಅಲ್ಲಿಯೇ ಹರಿದಿತ್ತೆಂದು ಬಲ್ಲವನು ಕಂಡುಕೊಳ್ಳುತ್ತಾನೆ. ಆದುದರಿಂದ ಔಷಧ ಬಂದ ಮೇಲೆ ಅದನ್ನು ಸೇವಿಸದೆ ಉಳಿದವನ ಸ್ಥಿತಿ ಔಷಧ ಬರುವುದಕ್ಕೆ ಮುಂಚಿನದಕ್ಕಿಂತ ಹೆಚ್ಚು ಅಪಾಯಕರ. ‘ಇಷ್ಟು ದಿನ ಏನೂ ಆಗಲಿಲ್ಲವಲ್ಲ’ ಎಂಬ ನಮ್ಮ ಸಾಮಾನ್ಯ ಸಮಾಧಾನವು ಈ ವಿಷಯದಲ್ಲಿ ಸಲ್ಲದು.

ಇದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ೨೦೦೩ರ ಜನವರಿ ೨೫ರಂದು ‘ಸ್ಲ್ಯಾಮರ್’ ಎಂಬ ಹುಳು ಮೈಕ್ರೊಸಾಫ್ಟಿನ ಒಂದು ದತ್ತಾಂಶ ತಂತ್ರಾಂಶದ ತೂತಿನ ಮೂಲಕ ಹಬ್ಬಿತು. ಹತ್ತು ನಿಮಿಷಗಳೊಳಗೆ, ಆ ತೂತನ್ನು ಹೊಂದಿ ಜಾಲಕ್ಕೆ ತೆರೆದುಕೊಂಡಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಅದು ಮುಟ್ಟಿತ್ತು. ಅಮೆರಿಕದ ಒಂದು ದೊಡ್ಡ ಬ್ಯಾಂಕಿನ ಹಣ ಕೊಡುವ ಯಂತ್ರಗಳು ಕೈಕೊಟ್ಟವು. ಸಿಯಾಟಲ್ ಬಳಿಯ ತುರ್ತು ಕರೆಯ ಕೇಂದ್ರವೊಂದು ಕಾಗದ ಪೆನ್ಸಿಲುಗಳಿಗೆ ಮರಳಬೇಕಾಯಿತು. ಆ ತೂತಿಗೆ ತೇಪೆಯು ೨೦೦೨ರ ಜುಲೈ ತಿಂಗಳಲ್ಲಿಯೇ, ಅಂದರೆ ಆರು ತಿಂಗಳ ಹಿಂದೆಯೇ ಸಿದ್ಧವಾಗಿತ್ತು. ತೇಪೆಯನ್ನು ಹೊರಡಿಸಿದ ಮೈಕ್ರೊಸಾಫ್ಟಿನ ಸ್ವಂತ ಯಂತ್ರಗಳಲ್ಲಿ ಕೆಲವಕ್ಕೂ ಅದನ್ನು ಹಾಕಿರಲಿಲ್ಲವೆಂಬುದು ಆಮೇಲೆ ಹೊರಬಿದ್ದಿತು. ಅಲಕ್ಷ್ಯವೆಂಬುದು ಅಜ್ಞಾನಿಯ ಸ್ವತ್ತಲ್ಲ. ಬಲ್ಲವರಲ್ಲಿಯೂ ಅದು ಸಮಾನವಾಗಿ ವಾಸಿಸುತ್ತದೆ.

ಎರಡನೆಯ ನಿದರ್ಶನ ಇನ್ನೂ ಘೋರವಾದುದು. ವಿಂಡೋಸಿನ ಒಂದು ತೂತಿಗೆ ೨೦೧೭ರ ಮಾರ್ಚ್ ೧೪ರಂದು ತೇಪೆ ಬಂದಿತು. ಮೇ ೧೨ರಂದು ಅದೇ ತೂತಿನೊಳಗಿಂದ ‘ವನ್ನಾಕ್ರೈ’ ಎಂಬ ಸುಲಿಗೆಯ ತಂತ್ರಾಂಶವು ನುಗ್ಗಿ, ಸುಮಾರು ೧೫೦ ದೇಶಗಳಲ್ಲಿ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ನಮ್ಮ ನೆರೆಯ ಆಂಧ್ರದ ಪೊಲೀಸ್ ಇಲಾಖೆಯ ಯಂತ್ರಗಳೂ ಕೇರಳದ ಪಂಚಾಯತಿ ಕಚೇರಿಗಳ ಯಂತ್ರಗಳೂ ಅದರ ಬಾಯಿಗೆ ಬಿದ್ದವು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ೨೩೬ ಟ್ರಸ್ಟುಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಬಾಧೆಗೊಳಗಾದವು. ರೋಗಿಗಳಿಗೆ ಗೊತ್ತುಮಾಡಿದ್ದ ೧೯,೦೦೦ಕ್ಕೂ ಹೆಚ್ಚು ಭೇಟಿಗಳು ರದ್ದಾದವೆಂದು ಅಂದಾಜು. ಐದು ಕಡೆ ತುರ್ತು ಚಿಕಿತ್ಸೆಗೆ ಬಂದವರನ್ನು ದೂರದ ಆಸ್ಪತ್ರೆಗಳಿಗೆ ಕಳುಹಿಸಬೇಕಾಯಿತು. ಅಲ್ಲಿಯ ಲೆಕ್ಕ ಪರಿಶೋಧನಾ ಕಚೇರಿಯು ಅದೇ ವರ್ಷದ ಅಕ್ಟೋಬರಿನಲ್ಲಿ ವರದಿ ನೀಡಿ, ಸೋಂಕು ತಗುಲಿದ ಯಂತ್ರಗಳೆಲ್ಲ ತೇಪೆ ಹಾಕದವು ಇಲ್ಲವೇ ತೇಪೆಯ ಕಾಲ ಮೀರಿದವು ಎಂದು ತಿಳಿಸಿತು. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಈ ಎರಡು ನಿದರ್ಶನಗಳಿಂದ ಒಂದು ಸತ್ಯ ಸ್ಪಷ್ಟವಾಗುತ್ತದೆ. ಜಾಲಕ್ಕೆ ಸೇರಿದ ಯಂತ್ರವು ಸಂಪೂರ್ಣವಾಗಿ ‘ನನ್ನದು’ ಅಲ್ಲ. ಸೋರುವ ಮನೆಯಿಂದ ಒದ್ದೆಯಾಗುವವನು ಮನೆಯವನೊಬ್ಬನೇ. ಆದರೆ ಕೆರೆಯ ಏರಿಯಲ್ಲಿ ನನ್ನ ಹೊಲದ ಎದುರಿನ ಮಾರುದ್ದವನ್ನು ನಾನು ಕೆಡಲು ಬಿಟ್ಟರೆ ಇಡೀ ಊರೇ ಮುಳುಗುತ್ತದೆ. ತೇಪೆಯಿಲ್ಲದ ಯಂತ್ರವನ್ನು ವಶಪಡಿಸಿಕೊಂಡವನು ಅದನ್ನು ಏಣಿಯಾಗಿಸಿ ನೆರೆಯವರ ಮನೆಗೆ ಇಳಿಯುತ್ತಾನೆ. ಆದುದರಿಂದ ‘ನನ್ನ ಯಂತ್ರ, ನನ್ನ ಇಷ್ಟ’ ಎಂಬ ಮಾತು ಅರ್ಧ ಸತ್ಯ. ನಷ್ಟವನ್ನು ನಾನೊಬ್ಬನೇ ಅನುಭವಿಸುವೆನೆಂಬ ಧೈರ್ಯವು ಇಲ್ಲಿ ಧೈರ್ಯವಲ್ಲ. ಕಾಣದ ನೆರೆಯವನ ಮೇಲೆ ಹೊರಿಸಿದ ಭಾರ. ಬೇಲಿ ಕಟ್ಟದ ಸ್ವಾತಂತ್ರ್ಯವನ್ನು ಯಾರಾದರೂ ಕೇಳಬಹುದು. ತನ್ನ ದನವನ್ನು ಪರರ ಹೊಲಕ್ಕೆ ಬಿಡುವ ಸ್ವಾತಂತ್ರ್ಯವನ್ನು ಕೇಳುವಂತಿಲ್ಲ.

ಇಷ್ಟಕ್ಕೇ ವಿಚಾರವನ್ನು ಮುಗಿಸಿದರೆ ತಯಾರಕನಿಗೆ ಸಂತೋಷವಾದೀತು. ಆದರೆ ನ್ಯಾಯದ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಬಳಸುವವರ ಬೇಸರವೆಲ್ಲ ಕೇವಲ ಆಲಸ್ಯವೆಂದು ತಳ್ಳಿಹಾಕುವುದು ಅನ್ಯಾಯ. ಆ ಬೇಸರಕ್ಕೆ ಚರಿತ್ರೆಯುಂಟು, ಕಾರಣಗಳುಂಟು.

೨೦೧೫ರ ಜುಲೈ ತಿಂಗಳಲ್ಲಿ ಹೊರಬಂದ ವಿಂಡೋಸ್ ೧೦ರಲ್ಲಿ, ಮನೆಯ ಬಳಕೆಯ ಆವೃತ್ತಿಯವರಿಗೆ ಅಪ್‌ಡೇಟನ್ನು ನಿರಾಕರಿಸುವ ಆಯ್ಕೆಯನ್ನೇ ತೆಗೆದುಹಾಕಲಾಯಿತು. ಸುರಕ್ಷೆಯ ದೃಷ್ಟಿಯಿಂದ ಅದನ್ನು ಸಮರ್ಥಿಸಬಹುದು. ಆದರೆ ಅದೇ ಕಾಲದಲ್ಲಿ, ಹಳೆಯ ಆವೃತ್ತಿಯವರನ್ನು ಹೊಸದಕ್ಕೆ ಸೆಳೆಯಲು ಪರದೆಯ ಮೇಲೆ ಪದೇ ಪದೇ ಕಿಟಕಿಗಳು ಮೂಡತೊಡಗಿದವು. ೨೦೧೬ರಲ್ಲಿ ಒಂದು ಹಂತದಲ್ಲಿ, ಕಿಟಕಿಯನ್ನು ಮುಚ್ಚುವ ಗುಣಿಸು ಚಿಹ್ನೆಯನ್ನು ಒತ್ತಿದರೂ ಅದನ್ನು ಒಪ್ಪಿಗೆಯೆಂದೇ ಎಣಿಸಲಾಯಿತು! ಬೇಡವೆಂದು ಕೈಯಾಡಿಸಿದವನ ಎಲೆಗೆ ಬಡಿಸಿದಂತೆ ಇದು. ಆ ವರ್ಷದ ಕೊನೆಗೆ ಕಂಪನಿಯ ಹಿರಿಯ ಅಧಿಕಾರಿಯೊಬ್ಬರೇ ತಾವು ಮಿತಿ ಮೀರಿದೆವೆಂದು ಒಪ್ಪಿಕೊಂಡರು. ೨೦೧೮ರ ಅಕ್ಟೋಬರಿನ ದೊಡ್ಡ ಅಪ್‌ಡೇಟು ಕೆಲವರ ಯಂತ್ರಗಳಿಂದ ಅವರ ಸ್ವಂತ ಕಾಗದಪತ್ರಗಳನ್ನೂ ಚಿತ್ರಗಳನ್ನೂ ಅಳಿಸಿಹಾಕಿತು. ಬಿಡುಗಡೆಗೆ ಮುನ್ನವೇ ಪರೀಕ್ಷಕರಲ್ಲಿ ಕೆಲವರು ಈ ದೋಷವನ್ನು ತಿಳಿಸಿದ್ದರು. ಸಾವಿರಾರು ದೂರುಗಳ ನಡುವೆ ಆ ಮಾತು ಕೇಳಿಸದೆ ಹೋಗಿತ್ತು. ಹಂಚಿಕೆಯನ್ನು ತಡೆದು, ತಿದ್ದಿ, ಮತ್ತೆ ಹೊರಡಿಸಬೇಕಾಯಿತು.

ತೇಪೆಯ ದಾರಿಯೇ ವಿಷದ ದಾರಿಯಾದುದೂ ಉಂಟು. ೨೦೧೭ರ ಜೂನ್ ೨೭ರಂದು ಉಕ್ರೇನಿನಲ್ಲಿ, ತೆರಿಗೆ ಲೆಕ್ಕಕ್ಕೆ ಬಳಸುವ ಒಂದು ತಂತ್ರಾಂಶದ ಅಪ್‌ಡೇಟಿನೊಳಗೆ ಅಡಗಿ ‘ನಾಟ್‌ಪೆಟ್ಯಾ’ ಎಂಬ ಮಾರಿ ಬಂದಿತು. ನಿಷ್ಠೆಯಿಂದ ಅಪ್‌ಡೇಟನ್ನು ಸ್ವೀಕರಿಸಿದವರೇ ಅಲ್ಲಿ ಬಲಿಯಾದರು. ಅಲ್ಲಿಂದ ಅದು ಹರಡಿದ ಪರಿಣಾಮವಾಗಿ, ಡೆನ್ಮಾರ್ಕಿನ ಹಡಗು ಕಂಪನಿಯಾದ ಮಾರ್ಸ್ಕ್ ೪೫,೦೦೦ ಗಣಕಯಂತ್ರಗಳಿಗೆ ಹೊಸದಾಗಿ ತಂತ್ರಾಂಶ ತುಂಬಬೇಕಾಯಿತು. ೨೦೨೪ರ ಜುಲೈ ೧೯ರ ಘಟನೆಯಂತೂ ವಾಚಕರ ನೆನಪಿನಲ್ಲಿ ಇನ್ನೂ ಹಸಿಯಾಗಿರಬಹುದು. ಯಂತ್ರಗಳನ್ನು ಕಾಯುವುದಕ್ಕೆಂದೇ ಇರುವ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯು ಹೊರಡಿಸಿದ ಒಂದು ಸಣ್ಣ ಕಡತದಿಂದ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ಕುಸಿದವು. ಇಪ್ಪತ್ತೊಂದು ಮೌಲ್ಯಗಳನ್ನು ನಿರೀಕ್ಷಿಸುವ ಕಡೆ ಇಪ್ಪತ್ತನ್ನೇ ಒದಗಿಸಿದ್ದು ದೋಷದ ಮೂಲ. ಕಂಪನಿಯು ಆ ಕಡತವನ್ನು ೭೮ ನಿಮಿಷಗಳಲ್ಲಿ ಹಿಂತೆಗೆದುಕೊಂಡಿತಾದರೂ, ಅಷ್ಟರೊಳಗೆ ಕೆಟ್ಟ ಯಂತ್ರಗಳನ್ನು ಒಂದೊಂದಾಗಿ ಕೈಯಿಂದ ಸರಿಪಡಿಸಬೇಕಾಗಿತ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಸಾಲುಗಟ್ಟಿ ನಿಂತರು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡಲಾಯಿತು. ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಯಾರಿಗೆ ದೂರಬೇಕು?

ಹೀಗಿರುವಲ್ಲಿ ಬಳಸುವವನು ಅಪ್‌ಡೇಟೆಂದರೆ ಬೆಚ್ಚುವುದು ಸಹಜ. ಕೆಲವರು ಅದನ್ನು ಹೇಗಾದರೂ ತಡೆಯುವ ಉಪಾಯಗಳನ್ನು ಹುಡುಕಿ ಶಾಶ್ವತವಾಗಿ ಕದವಿಕ್ಕಿಬಿಡುತ್ತಾರೆ. ಇಲ್ಲಿಯೇ ಸಮಸ್ಯೆಯ ಮರ್ಮವಿದೆ. ತಯಾರಕನು ರಕ್ಷಣೆಯ ತೇಪೆಯ ಜೊತೆಯಲ್ಲಿ ತನ್ನ ವ್ಯಾಪಾರದ ಸರಕನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಕಳುಹಿಸಿದಾಗ, ಸರಕಿನ ಮೇಲಿನ ಸಿಟ್ಟಿನಿಂದ ಜನರು ತೇಪೆಯನ್ನೂ ಎಸೆಯುತ್ತಾರೆ. ಆಗ ಆಗುವ ಹಾನಿ ಕೇವಲ ಅವರಿಗಲ್ಲ, ಮೂರನೆಯವರಿಗೂ ಆಗುತ್ತದೆ. ಆ ಹಾನಿಯಲ್ಲಿ ಬಳಸುವವನಿಗಿರುವಷ್ಟೇ ಪಾಲು ಅವನ ನಂಬಿಕೆಯನ್ನು ಕೆಡಿಸಿದವನಿಗೂ ಇದೆಯೆಂದು ಹೇಳದೆ ವಿಧಿಯಿಲ್ಲ. ವೈದ್ಯನು ಔಷಧದ ಬಾಟಲಿಯಲ್ಲಿ ಬೇರೇನನ್ನೋ ಬೆರೆಸಿ ಕೊಡುವನೆಂಬ ಸುದ್ದಿ ಹಬ್ಬಿದರೆ, ಊರು ಔಷಧವನ್ನೇ ಬಿಟ್ಟು ರೋಗ ಹೆಚ್ಚಿಸಿಕೊಂಡಾಗ, ತಪ್ಪು ಊರಿನದು ಮಾತ್ರವೆ?

ಉದ್ದೇಶ ಒಳ್ಳೆಯದಿದ್ದರೆ ಸಾಕೆ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ೨೦೧೭ರ ಡಿಸೆಂಬರಿನಲ್ಲಿ ಆಪಲ್ ಕಂಪನಿಯು ಒಂದು ಸಂಗತಿಯನ್ನು ಒಪ್ಪಿಕೊಂಡಿತು. ಬ್ಯಾಟರಿ ಸವೆದ ಹಳೆಯ ಐಫೋನುಗಳು ಥಟ್ಟನೆ ಆರಿಹೋಗದಿರಲೆಂದು, ತನ್ನ ಅಪ್‌ಡೇಟಿನ ಮೂಲಕ ಅವುಗಳ ವೇಗವನ್ನು ಅಗತ್ಯವಿದ್ದಾಗ ತಗ್ಗಿಸುತ್ತಿದ್ದುದಾಗಿ ಅದು ಹೇಳಿತು. ಉದ್ದೇಶವನ್ನು ಒಪ್ಪಬಹುದು. ಆದರೆ ಒಡೆಯನಿಗೆ ತಿಳಿಯದಂತೆ ಮಾಡಿದುದರಿಂದ, ಫೋನು ನಿಧಾನವಾಯಿತೆಂದು ಹೊಸದನ್ನೇ ಕೊಂಡವನು, ಬ್ಯಾಟರಿಯೊಂದನ್ನು ಬದಲಿಸಿದ್ದರೆ ಸಾಕಾಗುತ್ತಿತ್ತೆಂಬುದನ್ನು ಅರಿಯದೆ ಹೋದ. ಕಂಪನಿಯು ಕ್ಷಮೆ ಕೋರಿ ಬ್ಯಾಟರಿ ಬದಲಾವಣೆಯ ಬೆಲೆಯನ್ನು ೭೯ ಡಾಲರಿನಿಂದ ೨೯ಕ್ಕೆ ಇಳಿಸಿತು. ಹಿತವನ್ನು ಮಾಡಿದರೂ ಮುಚ್ಚಿಟ್ಟು ಮಾಡಿದರೆ ಅದು ಹಿತವಾಗಿ ಉಳಿಯುವುದಿಲ್ಲ. ಮಾಡುವವನ ಅಧಿಕಾರ ಹೆಚ್ಚಿದಷ್ಟೂ ಹೇಳಬೇಕಾದ ಹೊಣೆಯೂ ಹೆಚ್ಚುತ್ತದೆ.

ಇನ್ನೊಂದು ವರ್ಗದವರನ್ನೂ ನೆನೆಯಬೇಕು. ಬೇಡವೆನ್ನುವವರಲ್ಲ, ಬೇಕೆಂದರೂ ತೇಪೆ ಸಿಗದವರು. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಕ್ಕೆ ಜೋಡಿಸಿದ ಗಣಕವನ್ನು ತಯಾರಕನ ಅನುಮತಿಯಿಲ್ಲದೆ ತಿದ್ದುವಂತಿಲ್ಲ. ಹಳೆಯ ಆವೃತ್ತಿಗಳಿಗೆ ತೇಪೆಯೇ ನಿಂತುಹೋಗುತ್ತದೆ. ವಿಂಡೋಸ್ ಎಕ್ಸ್‌ಪಿ ಆವೃತ್ತಿಗೆ ೨೦೧೪ರ ಏಪ್ರಿಲ್ ೮ಕ್ಕೆ ಸಾರ್ವಜನಿಕ ತೇಪೆ ನಿಂತಿತು. ಬಳಿಕ ವಿಶೇಷ ಒಪ್ಪಂದದಡಿ ಹಣ ತೆತ್ತ ಸಂಸ್ಥೆಗಳಿಗೆ ಮಾತ್ರ ಅದು ದೊರೆಯುತ್ತಿತ್ತು. ವನ್ನಾಕ್ರೈ ಬಂದೆರಗಿದ ಮೇಲೆ ಮಾತ್ರ ಎಲ್ಲರಿಗೂ ಉಚಿತವಾಗಿ ಕೊಡಲಾಯಿತು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಮುಂದಿನ ಆವೃತ್ತಿಯು ಬೇಡುವ ಸುರಕ್ಷಾ ಚಿಪ್ಪು ಮೊದಲಾದವು ಇಲ್ಲದ ಅನೇಕ ಯಂತ್ರಗಳು, ಸುಸ್ಥಿತಿಯಲ್ಲಿದ್ದರೂ, ಕಂಪನಿಯ ಲೆಕ್ಕದಲ್ಲಿ ಮುದಿಯಾದವು. ಮನೆಯ ಬಳಕೆದಾರರಿಗೆ ಇನ್ನೊಂದು ವರ್ಷದ, ಅಂದರೆ ೨೦೨೬ರ ಅಕ್ಟೋಬರ್ ೧೩ರವರೆಗಿನ ತೇಪೆಯನ್ನು ಅಮೆರಿಕದಲ್ಲಿ ೩೦ ಡಾಲರಿಗೆ ಅಥವಾ ಕೆಲವು ಷರತ್ತುಗಳ ಮೇಲೆ ಹಣವಿಲ್ಲದೆ ಕೊಡುವ ಏರ್ಪಾಡಾಯಿತು. ಎಲ್ಲ ಕಾಲಕ್ಕೂ ಎಲ್ಲ ಹಳೆಯದಕ್ಕೂ ತೇಪೆ ಹಾಕುತ್ತಿರಬೇಕೆಂಬುದು ಸಾಧ್ಯವಾದ ಮಾತಲ್ಲ, ನಿಜ. ಆದರೆ ಹೊಸ ಯಂತ್ರ ಕೊಳ್ಳಲಾರದ ಶಾಲೆಯ ಮಕ್ಕಳೂ ಚಿಕ್ಕ ಅಂಗಡಿಯವರೂ ‘ನೀವು ಅಲಕ್ಷ್ಯ ಮಾಡಿದಿರಿ’ ಎಂಬ ನಿಂದೆಗೆ ಪಾತ್ರರಲ್ಲ. ಶಕ್ತಿಗೆ ತಕ್ಕಂತೆ ಹೊಣೆ. ಅಶಕ್ತನ ಮೇಲೆ ಹೊಣೆ ಹೊರಿಸುವುದು ಕ್ರೌರ್ಯ.

ತೂತನ್ನು ಕಂಡೂ ಮುಚ್ಚಿಟ್ಟವರ ಹೊಣೆ ಎಲ್ಲಕ್ಕಿಂತ ಭಾರವಾದುದು. ವನ್ನಾಕ್ರೈ ಬಳಸಿದ ತೂತಿನ ಆಯುಧವು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದ ಕಳವಾದುದೆಂದು ಮೈಕ್ರೊಸಾಫ್ಟಿನ ಬ್ರ್ಯಾಡ್ ಸ್ಮಿತ್ ಅವರು ಆಗಲೇ ಬಹಿರಂಗವಾಗಿ ಆಕ್ಷೇಪಿಸಿದರು. ಶತ್ರುವಿನ ಮನೆಗೆ ನುಗ್ಗಲು ಉಪಯೋಗವಾದೀತೆಂದು ಸ್ವಜನರ ಮನೆಯ ಗೋಡೆಯ ಬಿರುಕನ್ನೂ ತಿಳಿಸದೆ ಕಾಪಾಡಿಕೊಳ್ಳುವುದು ಎಂಥ ರಾಜನೀತಿ? ಗುಟ್ಟಾಗಿ ಕೂಡಿಟ್ಟ ವಿಷ ಕಳ್ಳನ ಕೈಗೆ ಸಿಕ್ಕಿ ಕೊನೆಗೆ ಆಸ್ಪತ್ರೆಯ ಬಾಗಿಲಿಗೆ ಬಂದಿತು.

ಹಾಗಾದರೆ ನಿರ್ಣಯವೇನು? ತೇಪೆಯನ್ನು ಬಲವಂತವಾಗಿ ಹಾಕುವುದಕ್ಕೆ ಸಮರ್ಥನೆಯಿದ್ದರೆ ಅದು ಒಂದೇ: ನೆರೆಯವನ ರಕ್ಷಣೆ. ಆ ಸಮರ್ಥನೆ ಎಷ್ಟು ದೂರ ನಡೆಯುವುದೋ ಬಲವಂತವೂ ಅಷ್ಟೇ ದೂರ ನಡೆಯಬೇಕು. ತೂತು ಮುಚ್ಚುವುದಕ್ಕೆ ಅದು ಸಲ್ಲುತ್ತದೆ. ಪರದೆಯ ರೂಪ ಬದಲಿಸುವುದಕ್ಕೆ, ಜಾಹೀರಾತು ತೋರುವುದಕ್ಕೆ, ಹೊಸ ಸೇವೆಯನ್ನು ಮಾರುವುದಕ್ಕೆ ಸಲ್ಲುವುದಿಲ್ಲ. ಆದುದರಿಂದ ತಯಾರಕನ ಮೇಲೆ ಬೀಳುವ ಕರ್ತವ್ಯಗಳು ಇವು: ರಕ್ಷಣೆಯ ತೇಪೆಯನ್ನು ಬೇರೆ ಬದಲಾವಣೆಗಳಿಂದ ಪ್ರತ್ಯೇಕವಾಗಿಡಬೇಕು, ಏನನ್ನು ಬದಲಿಸಿದೆನೆಂದು ಸರಳವಾಗಿ ತಿಳಿಸಬೇಕು, ಹೊತ್ತನ್ನು ಆರಿಸಿಕೊಳ್ಳುವ ಅವಕಾಶವನ್ನು ಬಳಸುವವನಿಗೆ ಕೊಡಬೇಕು, ಮೊದಲು ಕೆಲವೇ ಯಂತ್ರಗಳ ಮೇಲೆ ಪರೀಕ್ಷಿಸಿ ಆಮೇಲೆ ಎಲ್ಲಕ್ಕೂ ಹಂಚಬೇಕು, ಎಷ್ಟು ವರ್ಷ ತೇಪೆ ಕೊಡುವೆನೆಂಬುದನ್ನು ಮಾರುವಾಗಲೇ ಹೇಳಬೇಕು.

ಇದು ಬರಿಯ ಆದರ್ಶವಲ್ಲ. ಐರೋಪ್ಯ ಒಕ್ಕೂಟವು ೨೦೨೪ರಲ್ಲಿ ಮಾಡಿದ ಸೈಬರ್ ಕಾಯಿದೆಯೊಂದು, ತಾಂತ್ರಿಕವಾಗಿ ಸಾಧ್ಯವಿರುವಲ್ಲೆಲ್ಲ ರಕ್ಷಣೆಯ ತೇಪೆಗಳನ್ನು ಇತರ ಬದಲಾವಣೆಗಳಿಂದ ಬೇರೆಯಾಗಿ ಕೊಡಬೇಕೆಂದೂ, ತಾತ್ಕಾಲಿಕವಾಗಿ ಮುಂದೂಡುವ ಅವಕಾಶವಿರಬೇಕೆಂದೂ, ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಬೆಂಬಲ ನೀಡಬೇಕೆಂದೂ ವಿಧಿಸುತ್ತದೆ. ಅದರ ಮುಖ್ಯ ವಿಧಿಗಳು ಜಾರಿಗೆ ಬರುವುದು ೨೦೨೭ರ ಡಿಸೆಂಬರಿನಲ್ಲಿ. ಮೈಕ್ರೊಸಾಫ್ಟ್ ಕೂಡ ೨೦೧೯ರ ಮೇ ತಿಂಗಳಿನಿಂದ ಮನೆಯ ಬಳಕೆದಾರರಿಗೂ ಮೂವತ್ತೈದು ದಿನಗಳವರೆಗೆ ಮುಂದೂಡುವ ಸೌಕರ್ಯವನ್ನು ಕೊಟ್ಟಿತು. ಜನರ ಗೊಣಗಾಟವು ವ್ಯರ್ಥವಾಗಲಿಲ್ಲವೆಂಬುದನ್ನು ಇದು ತೋರಿಸುತ್ತದೆ.

ಇನ್ನು ನಮ್ಮ ಪಾಲಿನ ಕರ್ತವ್ಯ. ತಯಾರಕನು ತನ್ನ ಧರ್ಮವನ್ನು ತಪ್ಪಿದನೆಂಬ ಕಾರಣಕ್ಕೆ ನೆರೆಯವನಿಗೆ ನಾನು ಸಲ್ಲಿಸಬೇಕಾದ ಋಣ ತೀರಿಹೋಗುವುದಿಲ್ಲ. ನನ್ನ ಮನಸ್ತಾಪವಿರುವುದು ಕಂಪನಿಯೊಡನೆ. ಏಟು ಬೀಳುವುದು ಅದಾವುದನ್ನೂ ಅರಿಯದ ಮೂರನೆಯವನಿಗೆ. ಆದುದರಿಂದ ಮುಂದೂಡುವುದಕ್ಕೂ ನಿರಾಕರಿಸುವುದಕ್ಕೂ ಇರುವ ಭೇದವನ್ನು ನಾವು ಅರಿಯಬೇಕು. ಕೆಲಸದ ನಡುವೆ ಬಂದ ತೇಪೆಯನ್ನು ರಾತ್ರಿಗೆ ಇಡುವುದು, ಅಗತ್ಯವಿದ್ದರೆ ಎರಡು ದಿನ ಕಾದು ಸುದ್ದಿ ನೋಡುವುದು ವಿವೇಕ. ತಿಂಗಳುಗಟ್ಟಲೆ ತಡೆದಿಡುವುದು ಅಪರಾಧಕ್ಕೆ ಸಮೀಪ. ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಂಡವನಿಗೆ ತೇಪೆಯ ಭಯವೂ ಕಡಿಮೆ, ಸುಲಿಗೆಯ ಭಯವೂ ಕಡಿಮೆ. ಶಾಲೆ, ಸಹಕಾರ ಸಂಘ, ವಿದ್ಯಾರ್ಥಿನಿಲಯ, ಗ್ರಂಥಾಲಯಗಳಲ್ಲಿ ಯಂತ್ರಗಳ ಹೊಣೆ ಹೊತ್ತವರಿಗಂತೂ ಇದು ಸ್ವಂತ ಇಚ್ಛೆಯ ವಿಷಯವೇ ಅಲ್ಲ. ಅವರ ಯಂತ್ರದಲ್ಲಿರುವುದು ಪರರ ಹಣ, ಪರರ ಅಂಕಪಟ್ಟಿ, ಪರರ ಗುಟ್ಟು. ಮನೆಯಲ್ಲಿ ವಯಸ್ಸಾದವರ ಮೊಬೈಲನ್ನು ತಿಂಗಳಿಗೊಮ್ಮೆ ತೆಗೆದು ನೋಡಿ ತೇಪೆ ಹಾಕಿಕೊಡುವ ಮೊಮ್ಮಗನು ಮಾಡುವುದು ಸಣ್ಣ ಸೇವೆಯಲ್ಲ.

ನೋಡಲಾರದುದನ್ನು ನಂಬಿ ಬಾಳಬೇಕಾದ ಕಾಲ ಇದು. ನಂಬಿಸಿಕೊಂಡವನು ಸತ್ಯವಂತನಾಗಿರಬೇಕು, ನಂಬುವವನು ಎಚ್ಚರದಿಂದಿರಬೇಕು, ಇಬ್ಬರೂ ತಮ್ಮ ಲೆಕ್ಕದಲ್ಲಿ ಮೂರನೆಯವನನ್ನು ಮರೆಯಬಾರದು. ಮುಂದಿನ ಸಲ ಪರದೆಯ ಮೇಲೆ ಆ ಸೂಚನೆ ಮೂಡಿದಾಗ ಬೇಸರವಾಗುವುದಿದ್ದರೆ ಆಗಲಿ. ಸಿಟ್ಟಿಗೆ ಕಾರಣವಿದ್ದರೆ ಕಂಪನಿಗೆ ಬರೆದು ತಿಳಿಸೋಣ, ಕಾನೂನನ್ನು ಕೇಳೋಣ. ಆದರೆ ಏರಿಯ ನಮ್ಮ ಪಾಲಿನ ಮಾರುದ್ದಕ್ಕೆ ಅಂದಿನ ಮಣ್ಣನ್ನು ಅಂದೇ ಹೊತ್ತು ಹಾಕೋಣ.